ಕೆರೆಯಂಗಳದ ದಿನಚರಿ

2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವು ಕೋಡಿ ಬಿದ್ದಿತು. ಸುದ್ದಿ ಹಬ್ಬಿದೊಡನೆ ಚಿತ್ರದುರ್ಗ ಜಿಲ್ಲೆಯ ಊರೂರುಗಳಿಂದ ಜನರು ತಂಡೋಪತಂಡವಾಗಿ ಮಾರಿಕಣಿವೆಗೆ ಬಂದು, ಕೋಡಿಯ ಮೇಲೆ ಧುಮ್ಮಿಕ್ಕುವ ನೀರನ್ನು ಕಣ್ತುಂಬ ನೋಡಿ ಸಂತೋಷಪಟ್ಟರು. ಬರಗಾಲವನ್ನೇ ಹೆಚ್ಚಾಗಿ ಕಂಡ ಸೀಮೆಗೆ ಅದೊಂದು ಹಬ್ಬವೇ ಆಗಿದ್ದಿತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲಿಯೂ ಒಂದು ಸಂಖ್ಯೆ ಕೇಳಿಬರುತ್ತಿದ್ದಿತು. ಹಿಂದೆ 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯವು ಮತ್ತೆ ತುಂಬಿ ಹರಿದದ್ದು 89 ವರ್ಷಗಳ ಬಳಿಕ.

ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದುದು ಹೇಗೆ? 1933ರ ಕೋಡಿಯನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡವರು ಇಂದು ವಿರಳ. ಆದರೆ ಬರಹಕ್ಕೆ ಮರೆವಿಲ್ಲ. ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟಿನ ನೀರಿನ ಮಟ್ಟವನ್ನು ಅಡಿಗಳ ಲೆಕ್ಕದಲ್ಲಿ ಬರೆದಿಡುತ್ತ ಬಂದಿದ್ದಾರೆ. ತುಂಬಿದಾಗ 130 ಅಡಿ. ಉಳಿದ ದಿನಗಳಲ್ಲಿ ಎಷ್ಟೋ ಅಷ್ಟು. ಹೆಚ್ಚಾದಾಗಲೂ ಬರೆದರು, ಕಡಿಮೆಯಾದಾಗಲೂ ಬರೆದರು. ಆದುದರಿಂದಲೇ ತುಂಬಿದ ದಿನದ ಹಿರಿಮೆ ಏನೆಂಬುದು ಎಲ್ಲರಿಗೂ ತಿಳಿಯಿತು.

ಈಗ ಮತ್ತೊಂದು ಪ್ರಶ್ನೆಯನ್ನು ಕೇಳಬಹುದು. 1933ರಲ್ಲಿ ಆ ತುಂಬು ಜಲಾಶಯದ ಮೇಲೆ ಎಷ್ಟು ಬಾತುಗಳು ಇಳಿದವು? ಮುಂದಿನ ವಸಂತದಲ್ಲಿ ಅವು ಎಂದು ಹೊರಟುಹೋದವು? ಈ ಪ್ರಶ್ನೆಗೆ ಉತ್ತರ ದೊರೆಯದು. ಮೈಸೂರು ಸಂಸ್ಥಾನದ ಹಕ್ಕಿಗಳ ಕ್ರಮಬದ್ಧ ಸಮೀಕ್ಷೆ ನಡೆದುದೇ ಅದಕ್ಕೆ ಆರು ವರ್ಷಗಳ ಅನಂತರ. ನೀರಿಗೆ ಲೆಕ್ಕವಿದ್ದಿತು, ನೀರನ್ನು ನೆಚ್ಚಿ ಬಂದ ಜೀವಿಗಳಿಗೆ ಲೆಕ್ಕವಿರಲಿಲ್ಲ. ಕೆರೆಯ ಹಕ್ಕಿಗಳನ್ನು ನೋಡಿ ಸಂತೋಷಪಟ್ಟರಷ್ಟೇ ಸಾಲದು, ಅವುಗಳನ್ನು ಎಣಿಸಿ ಬರೆದಿಡುವುದೂ ಊರಿನ ಕೆಲಸವಾಗಬೇಕು ಎಂಬ ಮಾತಿಗೆ ಈ ಕೊರತೆಯೇ ಆಧಾರ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳು ಕರ್ನಾಟಕದಲ್ಲಿ ಮಳೆ ಕಡಿಮೆಯಾದ ಬಯಲುಸೀಮೆಗೆ ಸೇರಿದವು. ಮಳೆ ಕಡಿಮೆಯೆಂಬ ಕಾರಣದಿಂದಲೇ ಇಲ್ಲಿನ ಹಿರಿಯರು ಕೆರೆಗಳನ್ನು ಕಟ್ಟಿದರು. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರವು ತನ್ನ ಕೆರೆಯನ್ನು ಸಮುದ್ರವೆಂದೇ ಕರೆದುಕೊಂಡಿದೆ. ಚಿತ್ರದುರ್ಗದ ಕೋಟೆಯೊಳಗೆ ಬಂಡೆಗಳ ನಡುವೆ ಒಂದರ ನೀರು ಇನ್ನೊಂದಕ್ಕೆ ಇಳಿಯುವಂತೆ ಹೊಂಡಗಳನ್ನು ನಿರ್ಮಿಸಿದ್ದಾರೆ. ಕೋಟೆಯ ಬುಡದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಕಾಲದ ಪ್ರಾಕೃತ ಶಾಸನವೊಂದಿದೆ. ಸುಮಾರು 1,600 ವರ್ಷಗಳಷ್ಟು ಹಳೆಯದಾದ ಆ ಬಂಡೆಬರಹದ ವಿಷಯವೂ ಒಂದು ಕೆರೆಯೇ. ಕೆರೆಯ ಸಂಗತಿಯನ್ನು ಬರೆದಿಡುವುದು ಈ ನೆಲಕ್ಕೆ ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಕೆರೆಗಳನ್ನು ನೋಡಲು ತಕ್ಕ ಕಾಲವೆಂದರೆ ಮಾಘ ಕಳೆದು ಫಾಲ್ಗುಣ ಕಾಲಿಡುವ ಸಮಯ, ಅಂದರೆ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳು. ಹೊಂಗೆಯ ಮರವು ಎಲೆ ಉದುರಿಸಿ ಚಿಗುರಿಗೆ ಅಣಿಯಾಗುತ್ತಿರುತ್ತದೆ. ಮುತ್ತುಗವು ಬರಿಯ ಕೊಂಬೆಗಳಲ್ಲಿ ಕೆಂಡದಂತಹ ಹೂಗಳನ್ನು ತಳೆದಿರುತ್ತದೆ. ಕೆರೆಯ ನೀರು ದಿನದಿನಕ್ಕೆ ಹಿಂದೆ ಸರಿಯುತ್ತ, ಅಂಗಳದಲ್ಲಿ ಹಸಿಕೆಸರಿನ ಪಟ್ಟಿಯೊಂದು ಅಗಲವಾಗುತ್ತ ಹೋಗುತ್ತದೆ. ಮನುಷ್ಯನ ಕಣ್ಣಿಗೆ ಬಡವಾಗಿ ತೋರುವ ಆ ಕೆಸರು ಹಕ್ಕಿಗಳ ಪಾಲಿಗೆ ಹರಿವಾಣವಿದ್ದಂತೆ. ಹುಳು, ಬಸವನಹುಳು, ಸಣ್ಣ ಮೀನುಗಳೆಲ್ಲವೂ ಅಲ್ಲಿ ಸುಲಭವಾಗಿ ಸಿಗುತ್ತವೆ. ಗೊರವಗಳು ಅಂಚಿನಲ್ಲಿ ಓಡಾಡುತ್ತ ಕೆಸರನ್ನು ಕುಕ್ಕುತ್ತವೆ. ಕೆಂಪುಕಾಲಿನ ಮೆಟ್ಟುಗಾಲು ಹಕ್ಕಿಯು ಮೊಣಕಾಲುದ್ದ ನೀರಿನಲ್ಲಿ ನಿಧಾನವಾಗಿ ಹೆಜ್ಜೆಯಿಡುತ್ತದೆ. ಬಾಯಿಕಳಕ ಕೊಕ್ಕರೆಯು ನಡುವೆ ಸಂದುಳ್ಳ ತನ್ನ ಕೊಕ್ಕಿನಿಂದ ಬಸವನಹುಳುವನ್ನು ಚಿಪ್ಪಿನೊಳಗಿಂದ ಹೊರಗೆಳೆಯುತ್ತದೆ. ಆಳದ ನೀರಿನಲ್ಲಿ ಗುಳುಮುಳುಕವು ಮುಳುಗಿ ಮುಳುಗಿ ಏಳುತ್ತಿರುವಾಗ, ಹಣೆಯ ಮೇಲೆ ಬಿಳಿಯ ನಾಮವಿಟ್ಟ ನಾಮದ ಕೋಳಿಗಳು ಗುಂಪುಗೂಡಿ ತೇಲುತ್ತಿರುತ್ತವೆ.

ಇವುಗಳಲ್ಲಿ ಕೆಲವು ಊರಿನ ಹಕ್ಕಿಗಳು, ಮತ್ತೆ ಕೆಲವು ಪರಊರಿನ ಅತಿಥಿಗಳು. ಸೂಜಿಬಾಲದ ಬಾತು, ಸಲಿಕೆಯಂತೆ ಅಗಲ ಕೊಕ್ಕುಳ್ಳ ಬಾತು, ಹಳದಿ ಸಿಪಿಲೆ, ಜವುಗು ಸೆಳೆವ ಮೊದಲಾದುವು ಮಧ್ಯ ಏಷ್ಯಾ, ಸೈಬೀರಿಯ ಮುಂತಾದ ದೂರದೇಶಗಳಿಂದ ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೆ ಬರುವವು. ವಸಂತವು ಮೊದಲಾದೊಡನೆ ಅವುಗಳಿಗೆ ತವರಿನ ಸೆಳೆತ ಉಂಟಾಗುತ್ತದೆ. ಹೊರಡುವ ಮುನ್ನ ಅವು ಹೊಟ್ಟೆತುಂಬ ತಿಂದು, ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ. ಆ ಕೊಬ್ಬೇ ಸಾವಿರಾರು ಕಿಲೋಮೀಟರುಗಳ ದಾರಿಯ ಬುತ್ತಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಹೋಗಬೇಕು. ಹಿಮಾಲಯ ದಾಟುವ ಈ ಜಾತಿಯ ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿರುವುದನ್ನು ವಿಜ್ಞಾನಿಗಳು ಉಪಕರಣಗಳ ಮೂಲಕ ಅಳೆದಿದ್ದಾರೆ. ಇಂತಹ ಪಯಣಕ್ಕೆ ಬೇಕಾದ ಬಲವನ್ನು ಕೊಡುವುದು ಬಯಲುಸೀಮೆಯ ಬತ್ತುತ್ತಿರುವ ಕೆರೆ ಎಂದರೆ ಆಶ್ಚರ್ಯವಾಗದಿರದು.

ಏಷ್ಯಾದ ದೇಶಗಳಲ್ಲಿ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿವರ್ಷವೂ ಜನವರಿಯಲ್ಲಿ ನಡೆಯುತ್ತ ಬಂದಿದೆ. ಅದರ ಉಪಯೋಗ ದೊಡ್ಡದು. ಆದರೆ ಜನವರಿಯ ಒಂದೆರಡು ದಿನಗಳ ಎಣಿಕೆಯಿಂದ ಹಕ್ಕಿಗಳು ಎಷ್ಟು ಬಂದವು ಎಂಬುದು ತಿಳಿದೀತೇ ಹೊರತು, ಯಾವಾಗ ಹೊರಟವು ಎಂಬುದು ತಿಳಿಯದು. ಬಿಸಿಲು ಬೇಗ ಏರಿದ ವರ್ಷ ಅವು ಬೇಗ ಹೊರಟವೇ? ಕೆರೆ ಬೇಗ ಬತ್ತಿದಾಗ ಎಲ್ಲಿಗೆ ಹೋದವು? ಇದನ್ನು ತಿಳಿಯಬೇಕಾದರೆ ವಾರವಾರವೂ ಅದೇ ಕೆರೆಗೆ ಹೋಗಿ ನೋಡುವವರು ಬೇಕು. ದೂರದ ನಗರದಿಂದ ಬರುವ ತಜ್ಞನಿಗೆ ಅದು ಸಾಧ್ಯವಾಗದು. ಪ್ರತಿದಿನ ಕೆರೆಯ ಏರಿಯ ಮೇಲೆಯೇ ಶಾಲೆಗೆ ನಡೆದುಹೋಗುವ ಬಾಲಕ ಬಾಲಕಿಯರಿಗೆ ಅದು ಸಾಧ್ಯ.

ಬರೆದಿಟ್ಟ ಸಂಗತಿಗೆ ಎಂತಹ ಶಕ್ತಿಯಿದೆ ಎಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನಗಳುಂಟು. ಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು 1939–40ರಲ್ಲಿ ಚಿತ್ರದುರ್ಗವೂ ಸೇರಿದ್ದ ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಕೈಗೊಂಡರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟಿದ ಹಕ್ಕಿಗಳನ್ನು ಕಂಡು ಅವರು ನೀಡಿದ ಸಲಹೆಯಂತೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಆ ಹಕ್ಕಿಗಳು ಅದಕ್ಕೆ ಮೊದಲೂ ಅಲ್ಲಿಯೇ ಇದ್ದವು. ನೋಡಿದುದನ್ನು ಬರೆದು, ಬರೆದುದನ್ನು ತಕ್ಕವರ ಮುಂದಿಟ್ಟ ಮೇಲೆ ಅವುಗಳಿಗೆ ರಕ್ಷಣೆ ದೊರೆಯಿತು.

ಚಿತ್ರದುರ್ಗದ ಉತ್ತರಕ್ಕಿರುವ ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕಥೆ ಇನ್ನೂ ಹತ್ತಿರದ್ದು. ಅದು ಗದ್ದೆಗಳಿಗೆ ನೀರುಣಿಸಲೆಂದು ಕಟ್ಟಿದ ಹಳ್ಳಿಯ ಕೆರೆ. ನೀರಿನ ನಡುವೆ ನಿಂತ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ, ಬಾಯಿಕಳಕ ಮೊದಲಾದ ಹಕ್ಕಿಗಳು ಗೂಡುಕಟ್ಟುತ್ತವೆ. ಹಳ್ಳಿಗರ ಆದರದಿಂದಲೂ ಹವ್ಯಾಸಿಗಳ ಎಣಿಕೆಯಿಂದಲೂ ಬೆಳಕಿಗೆ ಬಂದ ಈ ಕೆರೆಯು ಸಂರಕ್ಷಿತ ತಾಣವಾಯಿತು. 2024ರಲ್ಲಿ ಮಾಗಡಿ ಕೆರೆಯೊಡನೆ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುತಾಣಗಳ ಪಟ್ಟಿಗೂ ಸೇರಿತು. ಈ ಪಟ್ಟಿಯು 1971ರಲ್ಲಿ ಇರಾನಿನ ರಾಮ್‌ಸಾರ್ ನಗರದಲ್ಲಿ ಆದ ಒಪ್ಪಂದದಿಂದ ಹುಟ್ಟಿದ್ದು. ಅದರ ನಿಯಮಗಳಲ್ಲಿ ಎರಡು ಗಮನಾರ್ಹವಾದುವು. ಒಂದು ತಾಣವು ನಿಯತವಾಗಿ 20,000 ನೀರುಹಕ್ಕಿಗಳಿಗೆ ಆಶ್ರಯ ನೀಡುತ್ತಿರಬೇಕು. ಇಲ್ಲವೇ ಯಾವುದಾದರೂ ಒಂದು ಜಾತಿಯ ಒಟ್ಟು ಸಂಖ್ಯೆಯ ಶೇಕಡ 1ರಷ್ಟು ಹಕ್ಕಿಗಳಿಗೆ ಆಶ್ರಯ ನೀಡುತ್ತಿರಬೇಕು. "ನಿಯತವಾಗಿ" ಎಂಬ ಮಾತನ್ನು ಗಮನಿಸತಕ್ಕದ್ದು. ಒಂದು ದಿನ ಕಂಡ ಅದ್ಭುತದೃಶ್ಯವು ಅಲ್ಲಿ ಸಾಕ್ಷಿಯಾಗದು. ವರ್ಷವರ್ಷವೂ ಎಣಿಸಿದ ಅಂಕಿಗಳೇ ಸಾಕ್ಷಿ.

ಅಪರೂಪದ ಹಕ್ಕಿಯನ್ನು ಕಂಡಾಗ ಮಾತ್ರ ಬರೆಯಬೇಕು, ಕಾಗೆ ಗೊರವಂಕಗಳನ್ನು ಬರೆದು ಪ್ರಯೋಜನವೇನು ಎಂದು ಕೆಲವರು ಭಾವಿಸುವುದುಂಟು. ಈ ಭಾವನೆ ಸರಿಯಲ್ಲವೆಂಬುದಕ್ಕೆ ನೀಲಕಂಠವೇ ಸಾಕ್ಷಿ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠವನ್ನು ಬಯಲುಸೀಮೆಯ ಯಾರೂ ಅಪರೂಪವೆಂದು ಎಣಿಸಿದವರಲ್ಲ. ಹೊಲದ ಬದಿಯ ತಂತಿಯ ಮೇಲೆ ಕುಳಿತು ಮಿಡತೆಗಾಗಿ ಕಾಯುವ ಅದು, ವಸಂತ ಬಂತೆಂದರೆ ಆಕಾಶಕ್ಕೆ ನೆಗೆದು, ನೀಲಿಯ ರೆಕ್ಕೆಗಳನ್ನು ಮಿನುಗಿಸುತ್ತ ಉರುಳಿ ಉರುಳಿ ಕೆಳಗಿಳಿಯುತ್ತದೆ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ ಒಂದು ವರದಿ ಪ್ರಕಟವಾಯಿತು. ದೇಶದ ಸುಮಾರು 30,000 ಹಕ್ಕಿವೀಕ್ಷಕರು ಕಳುಹಿಸಿದ ಪಟ್ಟಿಗಳ ಆಧಾರದಿಂದ 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದರು. ದೀರ್ಘಕಾಲದಲ್ಲಿ ನೀಲಕಂಠದ ಸಂಖ್ಯೆ ಶೇಕಡ 30ಕ್ಕಿಂತಲೂ ಹೆಚ್ಚು ಕುಗ್ಗಿದೆಯೆಂದು ಆ ವರದಿಯಿಂದ ತಿಳಿದುಬಂತು. ಸೂಜಿಬಾಲದ ಬಾತು, ಸಲಿಕೆಕೊಕ್ಕಿನ ಬಾತುಗಳ ಬಗೆಗೂ ಅದು ಕಳವಳವನ್ನು ಸೂಚಿಸಿತು. ದಿನವೂ ಕಾಣುವ ಹಕ್ಕಿಯು ಹತ್ತರಲ್ಲಿ ಮೂರು ಪಾಲು ಕಡಿಮೆಯಾದರೂ ಬರಿಗಣ್ಣಿಗೆ ತಿಳಿಯದು, ಏಕೆಂದರೆ ಉಳಿದ ಏಳು ಪಾಲು ಕಣ್ಣೆದುರಿಗೇ ಇರುತ್ತದೆ. ಸಾವಿರಾರು ಸಾಮಾನ್ಯ ಜನರು "ಇಂದು ನೀಲಕಂಠ ಎರಡು", "ಇಂದು ಒಂದೂ ಇಲ್ಲ" ಎಂದು ಬರೆದಿಟ್ಟುದರಿಂದ ಮಾತ್ರ ಈ ಸತ್ಯವು ಹೊರಬಿದ್ದಿತು.

ಚಿತ್ರದುರ್ಗ ಜಿಲ್ಲೆಯ ಕೆರೆಗಳಿಗಂತೂ ಈ ಕೆಲಸವನ್ನು ಮುಂದೂಡುವ ಹಾಗಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು, ದಾವಣಗೆರೆ ಜಿಲ್ಲೆಗಳ 367 ಕೆರೆಗಳಿಗೆ ನೀರು ತುಂಬಿಸಬೇಕೆಂಬುದು ಸರ್ಕಾರದ ಉದ್ದೇಶ. ಒಣಗಿದ ಕೊಳವೆಬಾವಿಗಳ ಸೀಮೆಗೆ ಇದು ಬೇಕಾದ ನೀರು. ರೈತನ ಬಾಳು ಹಸನಾಗುವುದಕ್ಕೆ ಅಡ್ಡಿ ಹೇಳುವವರು ಯಾರೂ ಇರಲಾರರು. ಆದರೆ ನೀರು ಬಂದಾಗ ಕೆರೆಯ ಸ್ವಭಾವವೂ ಬದಲಾಗುತ್ತದೆ. ಫಾಲ್ಗುಣದಲ್ಲಿ ಬತ್ತುತ್ತಿದ್ದ ಕೆರೆಯು ಚೈತ್ರದಲ್ಲಿಯೂ ತುಂಬಿ ನಿಂತರೆ, ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಅನುಕೂಲವಾದೀತು. ಹಸಿಕೆಸರನ್ನೇ ನಂಬಿದ ಗೊರವಕ್ಕೆ ನಿಲ್ಲಲು ನೆಲೆ ಇಲ್ಲವಾದೀತು. ಬಳ್ಳಾರಿ ಜಾಲಿ ಹಬ್ಬಿದ ಅಂಗಳಗಳು ನೀರಿನಲ್ಲಿ ಮುಳುಗಿದಾಗ ಆ ಪೊದೆಗಳಲ್ಲಿ ಇದ್ದ ಜೀವಿಗಳು ಬೇರೆ ಎಡೆಯನ್ನು ಹುಡುಕಬೇಕಾದೀತು. ಇವುಗಳಲ್ಲಿ ಯಾವುದು ಲಾಭ, ಯಾವುದು ನಷ್ಟ ಎಂದು ಮುಂದೆ ತೂಗಿ ನೋಡಬೇಕಾದರೆ ನೀರು ಬರುವುದಕ್ಕೆ ಮುಂಚಿನ ಲೆಕ್ಕವು ಕೈಯಲ್ಲಿರಬೇಕು. ಆ ಲೆಕ್ಕವನ್ನು ಮುಂದೆ ಎಷ್ಟು ಹಣ ಕೊಟ್ಟರೂ ಕೊಳ್ಳಲು ಆಗದು. ಕಳೆದುಹೋದ ವಸಂತವನ್ನು ಮರಳಿ ಎಣಿಸಬಲ್ಲವರು ಯಾರೂ ಇಲ್ಲ.

ಇದಕ್ಕೆ ಹಲವು ಆಕ್ಷೇಪಣೆಗಳು ಬರಬಹುದು. ಮೊದಲನೆಯದಾಗಿ, ಕುಡಿಯುವ ನೀರಿಗೇ ತತ್ವಾರವಿರುವ ಸೀಮೆಯಲ್ಲಿ ಹಕ್ಕಿಗಳನ್ನು ಎಣಿಸುತ್ತ ಕೂರುವುದು ಉಳ್ಳವರ ವಿನೋದವಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಬೆಲೆಬಾಳುವ ದುರ್ಬೀನನ್ನೂ ಕ್ಯಾಮೆರವನ್ನೂ ಹೊತ್ತು ಬರುವವರನ್ನು ಕಂಡ ಹಳ್ಳಿಗನಿಗೆ ಹಾಗೆ ತೋರುವುದು ಸಹಜ. ಆದರೆ ಕೆರೆಯ ಹಕ್ಕಿಯ ಲೆಕ್ಕವು ಕೆರೆಯ ಆರೋಗ್ಯದ ಲೆಕ್ಕವೂ ಹೌದು. ಮೀನು ಹಿಡಿಯುವ ಹಕ್ಕಿಗಳು ಒಮ್ಮೆಲೇ ಕಾಣದಾದರೆ ಮೀನಿಗೂ ನೀರಿಗೂ ಏನೋ ಕೇಡು ತಟ್ಟಿದೆಯೆಂದು ಸಂಶಯಪಡಬೇಕು. ಆ ಕೇಡು ಮೊದಲು ಹಕ್ಕಿಗೆ, ಅನಂತರ ಬೆಸ್ತನಿಗೆ, ಕೊನೆಗೆ ಇಡೀ ಊರಿಗೆ ತಟ್ಟುತ್ತದೆ. ಕೆರೆಯ ತೂಬನ್ನು ಕಾಯುವ ನೀರುಗಂಟಿಯು ನೀರನ್ನು ಹೇಗೆ ಗಮನಿಸುವನೋ ಹಾಗೆಯೇ ಹಕ್ಕಿಯನ್ನು ಗಮನಿಸುವವನೂ ಕೆರೆಯ ಕಾವಲುಗಾರನೇ.

ಎರಡನೆಯದಾಗಿ, ಮಕ್ಕಳು ಬರೆದುದರಲ್ಲಿ ತಪ್ಪುಗಳಿರುತ್ತವೆ, ಅದನ್ನು ನಂಬುವುದು ಹೇಗೆ ಎನ್ನಬಹುದು. ತಪ್ಪುಗಳಿರುವುದು ನಿಜ. ಒಂದು ಜಾತಿಯ ಗೊರವವನ್ನು ಇನ್ನೊಂದೆಂದು ತಿಳಿಯುವ ತಪ್ಪು ಅನುಭವಿಗಳಿಂದಲೂ ಆಗುತ್ತದೆ. ಇದಕ್ಕೆ ಪರಿಹಾರವೆಂದರೆ ಪ್ರಾಮಾಣಿಕತೆ. ಗುರುತು ಸಿಕ್ಕದ ಹಕ್ಕಿಯ ಮುಂದೆ "ಗುರುತಾಗಲಿಲ್ಲ" ಎಂದು ಬರೆದು, ಅದರ ಗಾತ್ರ, ಕೊಕ್ಕು, ಕಾಲಿನ ಬಣ್ಣ, ಕೂಗುಗಳನ್ನು ಸೇರಿಸಿದರೆ ಆ ಸಾಲು ಸುಳ್ಳಾದ ಹೆಸರಿಗಿಂತ ನೂರುಪಾಲು ಮೇಲು. ಮೇಲಾಗಿ, ಒಬ್ಬನ ಕಣ್ಣಿನ ತಪ್ಪನ್ನು ಹತ್ತು ಜನರ ಕಣ್ಣು ತಿದ್ದುತ್ತದೆ. ಒಂದು ದಿನದ ತಪ್ಪನ್ನು ನೂರು ದಿನಗಳ ಬರಹ ತಿದ್ದುತ್ತದೆ.

ಮೂರನೆಯದಾಗಿ, ಇದೆಲ್ಲ ಅರಣ್ಯ ಇಲಾಖೆಯ ಕೆಲಸವೆಂದು ಹೇಳಿ ಕೈತೊಳೆದುಕೊಳ್ಳುವವರೂ ಉಂಟು. ಆದರೆ ಕೆರೆಗಳು ಬಹುಪಾಲು ಕಾಡಿನಲ್ಲಿಲ್ಲ, ಊರುಗಳ ಮಗ್ಗುಲಲ್ಲಿವೆ. ಪ್ರತಿಯೊಂದು ಕೆರೆಗೂ ಒಬ್ಬ ನೌಕರನನ್ನು ನಿಲ್ಲಿಸುವುದು ಯಾವ ಸರ್ಕಾರದಿಂದಲೂ ಆಗದು. ಪ್ರತಿಯೊಂದು ಕೆರೆಯ ಬಳಿಯೂ ಊರಿದೆ, ಊರಿಗೊಂದು ಶಾಲೆಯಿದೆ. ಹಕ್ಕಿಗಳ ಗುರುತು ಹಿಡಿಯುವುದರಲ್ಲಿ ಕುರಿಕಾಯುವವನಿಗೂ ಬೆಸ್ತನಿಗೂ ಇರುವ ಅನುಭವವು ಎಷ್ಟೋ ಪದವೀಧರರಿಗೆ ಇಲ್ಲ. ಟಿಟ್ಟಿಭ, ಬೆಳ್ಳಕ್ಕಿ, ಹಾವಕ್ಕಿ, ಮಿಂಚುಳ್ಳಿ ಮೊದಲಾದ ಹೆಸರುಗಳು ಪುಸ್ತಕಕ್ಕೆ ಬರುವ ಮೊದಲೇ ಜನರ ನಾಲಗೆಯ ಮೇಲಿದ್ದುವು. ಆ ತಿಳಿವಳಿಕೆಗೆ ದಿನಾಂಕವನ್ನೂ ಸಂಖ್ಯೆಯನ್ನೂ ಜೋಡಿಸಿದರೆ ಅದು ಶಾಸ್ತ್ರವಾಗುತ್ತದೆ.

ಈ ಕೆಲಸಕ್ಕೆ ಬೇಕಾದ ಸಲಕರಣೆಗಳು ಅತ್ಯಲ್ಪ: ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ವಾರದಲ್ಲಿ ಒಂದು ಮುಂಜಾನೆ. ಕೆರೆಯ ಹೆಸರು, ದಿನಾಂಕ, ನೋಡಲು ತೊಡಗಿದ ವೇಳೆ, ಮುಗಿಸಿದ ವೇಳೆ, ಬಿಸಿಲು ಗಾಳಿಗಳ ಸ್ಥಿತಿ ಇವುಗಳನ್ನು ಮೊದಲು ಬರೆಯಬೇಕು. ತೂಬಿನ ಎಷ್ಟು ಮೆಟ್ಟಿಲುಗಳು ನೀರಿನಿಂದ ಮೇಲೆ ಕಾಣುತ್ತಿವೆಯೆಂದು ಎಣಿಸಿದರೆ ನೀರಿನ ಮಟ್ಟ ತಿಳಿಯುತ್ತದೆ. ಅನಂತರ ಕಂಡ ಹಕ್ಕಿಗಳ ಹೆಸರು, ಸಂಖ್ಯೆ, ಅವು ಮಾಡುತ್ತಿದ್ದ ಕೆಲಸ. ಕೆಸರಿನ ಮೇಲೆ ಮೂಡಿದ ನರಿ, ಮುಂಗುಸಿಗಳ ಹೆಜ್ಜೆಗುರುತುಗಳನ್ನೂ, ಹಾರಾಡುವ ಚಿಟ್ಟೆಗಳನ್ನೂ ಸೇರಿಸಬಹುದು. ಒಂದು ಹಕ್ಕಿಯೂ ಕಾಣದ ದಿನ "ಇಂದು ಏನೂ ಇಲ್ಲ" ಎಂಬ ಸಾಲನ್ನು ತಪ್ಪದೆ ಬರೆಯಬೇಕು. ಮೊಬೈಲ್ ಇದ್ದವರು ಅದೇ ಪಟ್ಟಿಯನ್ನು ವಿಜ್ಞಾನಿಗಳ ಸಂಗ್ರಹಕ್ಕೆ ಕಳುಹಿಸಲೂಬಹುದು. ನೋಡುವವರಿಗೆ ಒಂದು ಕಟ್ಟುಪಾಡೂ ಉಂಟು. ಟಿಟ್ಟಿಭವು ಬಯಲಿನ ಬೆಣಚುಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ಅದು ಕಿರಿಚುತ್ತ ತಲೆಯ ಮೇಲೆ ಸುತ್ತತೊಡಗಿದರೆ, ನೋಡುವವರು ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಹಕ್ಕಿಯ ಸಂಸಾರವನ್ನು ಕೆಡಿಸಿ ಪಡೆದ ಮಾಹಿತಿಗೆ ಬೆಲೆಯಿಲ್ಲ.

ಒಂಬತ್ತನೆಯ ತರಗತಿಯವರು ಒಂದು ವರ್ಷ ಬರೆದ ಪುಸ್ತಕವನ್ನು ಶಾಲೆ ಬಿಡುವಾಗ ಮನೆಗೆ ಒಯ್ಯದೆ ಮುಂದಿನವರ ಕೈಗೆ ಒಪ್ಪಿಸಿದರೆ, ಅವರು ತಮ್ಮ ಮುಂದಿನವರಿಗೆ ಒಪ್ಪಿಸಿದರೆ, ಹತ್ತು ವರ್ಷಗಳಲ್ಲಿ ಆ ಕೆರೆಯ ಚರಿತ್ರೆಯೊಂದು ತಾನಾಗಿ ಸಿದ್ಧವಾಗುತ್ತದೆ. ಮೊದಲ ವರ್ಷದ ಪುಟಗಳಲ್ಲಿ ಹೇಳಿಕೊಳ್ಳುವಂತಹುದು ಏನೂ ಕಾಣಿಸದಿರಬಹುದು. ಮಾರಿಕಣಿವೆಯ ನೀರಿನ ಮಟ್ಟವನ್ನು ಬರೆದವರಿಗೂ ತಾವು ಬರೆದ ಒಂದು ದಿನದ ಅಂಕಿಯಲ್ಲಿ ವಿಶೇಷವೇನೂ ಕಂಡಿರಲಾರದು. ಅವರು ಬರೆದರು, ಅಷ್ಟೇ. ವಾಣಿವಿಲಾಸ ಸಾಗರವು 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಾಗ, ಹಿಂದಿನ ಕೋಡಿ ಎಂದು ಬಿದ್ದಿತ್ತೆಂದು ಯಾರೂ ಹುಡುಕಬೇಕಾಗಲಿಲ್ಲ. ಇನ್ನು ಮುಂದೆ ಆ ನೀರಿನ ಲೆಕ್ಕದ ಪಕ್ಕದಲ್ಲಿ ಹಕ್ಕಿಗಳಿಗೂ ಒಂದು ಸಾಲು ಮೀಸಲಾದರೆ, 89 ವರ್ಷಗಳ ಅನಂತರ ಪ್ರಶ್ನೆ ಕೇಳುವವರಿಗೆ ಉತ್ತರ ಸಿಕ್ಕೀತು.